ನಮ್ಮ ಓಣಿಯ ಆಕ್ಸಿಮೀಟರು

ನನಗೆ ಎಣಿಸುವ ಚಟ. ಹೊಟ್ಟೆಪಾಡಿನಿಂದ ಹತ್ತಿದ ಚಟ ಅದು. ಗೋವಾದ ಝುವಾರಿನಗರದ ಪಕ್ಕದ ಕೈಗಾರಿಕಾ ವಸಾಹತಿನಲ್ಲಿ ಒಬ್ಬ ಗುತ್ತಿಗೆದಾರನ ಕೈಕೆಳಗೆ ಹತ್ತೊಂಬತ್ತು ವರ್ಷಗಳಿಂದ ಆಳುಗಳ ಹಾಜರಿ ಬರೆಯುತ್ತಿದ್ದೇನೆ. ಬೆಳಗ್ಗೆ ಗೇಟಿನ ಬಳಿ ನಿಂತು ಯಾರು ಬಂದರು, ಯಾರು ಬರಲಿಲ್ಲ, ಯಾರು ನಿನ್ನೆಯ ಅಮಲಿನಲ್ಲೇ ಬಂದಿದ್ದಾರೆ ಎಂದು ನೋಡಿ ಗುರುತು ಹಾಕುವುದು ನನ್ನ ಕೆಲಸ. ಮದುವೆಗೆ ಹೋದರೂ ಪಂಕ್ತಿಯಲ್ಲಿ ಎಷ್ಟು ಎಲೆ ಬಿದ್ದಿವೆ ಎಂದು ಮೊದಲು ಎಣಿಸಿ ಆಮೇಲೆ ಊಟಕ್ಕೆ ಕೂರುತ್ತೇನೆ. ನನ್ನ ಹೆಂಡತಿ ಶಾಂತವ್ವನಿಗೆ ಇದು ದೊಡ್ಡ ನಗೆ. "ನೀವು ಸತ್ತ ಮ್ಯಾಲೂ ಮಣ್ಣಿಗೆ ಎಷ್ಟು ಮಂದಿ ಬಂದಾರಂತ ಒಂದು ಕಣ್ಣು ತೆರೆದು ಎಣಿಸಾವ್ರ ಬಿಡ್ರಿ," ಎನ್ನುತ್ತಾಳೆ.

ಇಂಥವನ ಕೈಗೆ ಕೊರೊನಾ ಕಾಲದ ಬುಲೆಟಿನ್ ಸಿಕ್ಕರೆ ಕೇಳಬೇಕೆ? ದಿನಾ ಸಂಜೆ ಫೋನಿಗೆ ಅದು ಬರುತ್ತಿತ್ತು. ಇವತ್ತು ಎಷ್ಟು ಮಂದಿಗೆ ಹತ್ತಿತು, ಎಷ್ಟು ಮಂದಿ ಗುಣವಾದರು, ಎಷ್ಟು ಮಂದಿ ಹೋದರು, ಯಾವ ಆರೋಗ್ಯ ಕೇಂದ್ರದ ಹದ್ದಿನಲ್ಲಿ ಎಷ್ಟು. ನಾನು ಮನೆಯ ಮೆಟ್ಟಿಲ ಮೇಲೆ ನಿಂತು ಗಟ್ಟಿಯಾಗಿ ಓದುತ್ತಿದ್ದೆ. ಓಣಿಯವರು ತಂತಮ್ಮ ಬಾಗಿಲಲ್ಲಿ ನಿಂತು ಕ್ರಿಕೆಟ್ ಸ್ಕೋರ್ ಕೇಳಿದಂತೆ ಕೇಳುತ್ತಿದ್ದರು. "ಕೊರ್ತಾಲಿಮ್ ಕಡೆ ಇಳಿದೈತೇನು?" "ನಮ್ಮ ಕಡೆ ಏರೇತೇನು?" ಕ್ಯಾಲೆಂಡರಿನ ಹಾಳೆ ತಿರುವಿ, ಅದರ ಹಿಂದೆ ಪ್ರತಿದಿನ ಒಂದೊಂದು ಚುಕ್ಕೆ ಇಟ್ಟು ಗೆರೆ ಎಳೆದು ಗೋಡೆಗೆ ಅಂಟಿಸಿದ್ದೆ. ಎರಡನೇ ಅಲೆ ಬಂದಾಗ ಆ ಗೆರೆ ಎದ್ದ ರಭಸ ನೋಡಿ ಎದುರು ಮನೆಯ ಟೆಂಪೊ ಡ್ರೈವರ್ ಹುಸೇನಸಾಬ, "ಈರಣ್ಣಾ, ಇದು ಅನಮೋಡ ಘಾಟ ಆತಲ್ಲೋ. ಇಳಕಲು ಎಲ್ಲಿ ಬರ್ತೈತಿ?" ಎಂದು ಕೇಳಿದ್ದ. ನನಗೂ ಗೊತ್ತಿರಲಿಲ್ಲ. ಆದರೂ "ಇನ್ನೆರಡು ವಾರ" ಎಂದುಬಿಟ್ಟೆ. ಲೆಕ್ಕ ಹೇಳುವವನಿಗೆ ಗೊತ್ತಿಲ್ಲ ಅನ್ನಲು ನಾಚಿಕೆ.

ಆಗ ಆಕ್ಸಿಮೀಟರಿಗೆ ಹಾಹಾಕಾರ. ಬೆರಳಿಗೆ ಚಿಮಟಿಗೆಯಂತೆ ಸಿಕ್ಕಿಸಿದರೆ ಮೈಯಲ್ಲಿ ಎಷ್ಟು ಆಕ್ಸಿಜನ್ ಇದೆ ಎಂದು ತೋರಿಸುವ ಆ ಸಣ್ಣ ಡಬ್ಬಿ ಯಾವ ಔಷಧದಂಗಡಿಯಲ್ಲೂ ಇರಲಿಲ್ಲ. ಓಣಿಯ ಮೂಲೆಯಲ್ಲಿ ಕಿರಾಣಿ ಅಂಗಡಿ ಇಟ್ಟಿರುವ ಬಸಲಿಂಗಪ್ಪ ಎಲ್ಲಿಂದಲೋ ಒಂದನ್ನು ಹುಡುಕಿ ತಂದು ಓಣಿಗೇ ಕೊಟ್ಟುಬಿಟ್ಟ. ದೊಡ್ಡ ಮನಸ್ಸಿನವನು. ಆದರೆ ನಮ್ಮ ಕಡೆ ಕೊಟ್ಟವನ ಹೆಸರಿಲ್ಲದ ದಾನ ಉಂಟೆ? ಮುಯ್ಯಿ ಕೊಟ್ಟ ತಂಬಿಗೆಯ ಮೇಲೆ ಹೆಸರು ಕೊರೆಸುತ್ತೇವೆ, ಗುಡಿಗೆ ಕೊಟ್ಟ ಫ್ಯಾನಿನ ಮೂರೂ ರೆಕ್ಕೆಗೆ ಹೆಸರು ಬರೆಸುತ್ತೇವೆ, ಅದು ತಿರುಗಿದರೆ ಒಂದೂ ಕಾಣುವುದಿಲ್ಲ ಎನ್ನುವುದು ಬೇರೆ ಮಾತು. ಬಸಲಿಂಗಪ್ಪನೂ ಬಿಳಿ ಬ್ಯಾಂಡೇಜ್ ಪಟ್ಟಿಯ ಮೇಲೆ "ಸೇವಾರ್ಥ: ಬಸಲಿಂಗಪ್ಪ, ಕಿರಾಣಿ ಅಂಗಡಿ" ಎಂದು ಬರೆದು ಮೀಟರಿಗೆ ಸುತ್ತಿದ. ಅಷ್ಟು ಉದ್ದದ ಹೆಸರಿಗೆ ಅಷ್ಟು ಸಣ್ಣ ಡಬ್ಬಿ ಎಲ್ಲಿ ಸಾಲಬೇಕು? ಕಂಪನಿಯವರು ಅಚ್ಚು ಹಾಕಿದ್ದ ಅಕ್ಷರಗಳೂ ನಾಡಿಬಡಿತ ತೋರಿಸುವ ಅಂಕಿಯೂ ಪಟ್ಟಿಯ ಕೆಳಗೆ ಮುಚ್ಚಿಹೋದವು. ಆಕ್ಸಿಜನ್ನಿನ ಎರಡಂಕಿ ಮಾತ್ರ ಕಾಣುತ್ತಿತ್ತು. "ಅದೊಂದು ಕಂಡ್ರ ಸಾಕು ಬಿಡು," ಎಂದೆವು. ಬಸಲಿಂಗಪ್ಪನ ಹೆಸರು ನೆಟ್ಟಗೆ ಕಾಣುವಂತೆ ಬೆರಳು ತಿರುಗಿಸಿ ಹಿಡಿದರೆ ಅಂಕಿ ಸರಿಯಾಗಿ ಓದಬಹುದು. ಓಣಿಯಲ್ಲಿ ಎಲ್ಲರಿಗೂ ಇದೇ ರೂಢಿಯಾಯಿತು.

ಮೇ ತಿಂಗಳ ಸೆಕೆಯಲ್ಲಿ ನನಗೆ ಜ್ವರ ಬಂತು. ಪರೀಕ್ಷೆಯಲ್ಲಿ ಪಾಸಿಟಿವ್. ಆರೋಗ್ಯ ಕೇಂದ್ರದವರು ಗುಳಿಗೆ ಕೊಟ್ಟು, ಮನೆಯಲ್ಲೇ ಬೇರೆ ಇರಿ, ಆಕ್ಸಿಜನ್ ತೊಂಬತ್ತನಾಲ್ಕಕ್ಕಿಂತ ಕೆಳಗಿಳಿದರೆ ತಕ್ಷಣ ಆಸ್ಪತ್ರೆಗೆ ಬನ್ನಿ ಎಂದು ಹೇಳಿ ಕಳಿಸಿದರು. ನಮ್ಮದು ಎರಡು ಖೋಲಿಯ ಮನೆ. ಮುಂದಿನದು ನನಗೆ, ಅಡುಗೆಯ ಖೋಲಿ ಶಾಂತವ್ವನಿಗೆ, ನಡುವೆ ಅವಳದೊಂದು ಹಳೆಯ ಇಳಕಲ್ ಸೀರೆಯ ಪರದೆ. ಒಬ್ಬಳೇ ಮಗಳು ರೋಣದ ಹತ್ತಿರ ಅತ್ತೆಮನೆಯಲ್ಲಿ. ಫೋನಿನಲ್ಲಿ ಅವಳ ಅಳು ಕೇಳಲಾರದೆ, "ನೆಗಡಿ ಅಷ್ಟ ಅವ್ವಾ" ಎಂದು ಸುಳ್ಳು ಹೇಳಿದೆ.

ರೋಗಕ್ಕಿಂತ ಮೊದಲು ನಾಚಿಕೆ ಬಂದದ್ದು ನಿಜ. ಆ ಸಂಜೆ ಬುಲೆಟಿನ್ ಓದಲು ಹೊರಗೆ ಹೋಗುವಂತಿಲ್ಲ. ಕಿಟಕಿಯಲ್ಲಿ ನಿಂತು ಓದಿದೆ. ನಮ್ಮ ಕಡೆಯ ಅಂಕಿ ಹೇಳುವಾಗ, "ಇದರಾಗ ಒಂದು ನಾನ," ಎಂದೆ. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿಗೆ ಹುಸೇನಸಾಬನ ಹೆಂಡತಿ ಮಾಬೂಬಿ ನಮ್ಮ ಹಿಂಬಾಗಿಲಿಗೆ ಶುಂಠಿ ಕಷಾಯ ಇಟ್ಟು ಹೋದಳು. ಮರುದಿನದಿಂದ ಯಾರಾದರೂ ಏನಾದರೂ ಇಡುತ್ತಲೇ ಇದ್ದರು. ನಾವು ಅಂಜಿದ್ದು ಓಣಿ ದೂರ ಸರಿಯುತ್ತದೆ ಎಂದು. ಅದು ಹೊಸ್ತಿಲವರೆಗೆ ಬಂದು ನಿಂತಿತ್ತು.

ಐದನೆಯ ದಿನ ಮೀಟರು ತೊಂಬತ್ತೈದು ತೋರಿಸಿತು. ಅಂಚಿನಲ್ಲಿದೆ ಎಂದು ಮತ್ತೆರಡು ಸಲ ಸಿಕ್ಕಿಸಿ ನೋಡಿದೆ. ಅದೇ ದಿನ ಬಸಲಿಂಗಪ್ಪ ಮೀಟರನ್ನು ಹೊಸ ಪಟ್ಟಿ ಸುತ್ತಲು ತರಿಸಿಕೊಂಡ. ಸ್ಯಾನಿಟೈಸರ್ ಹಚ್ಚಿ ಹಚ್ಚಿ ಹಳೆಯ ಪಟ್ಟಿಯ ಶಾಯಿ ಕಲೆಸಿ ಹೋಗಿತ್ತು. ಜೊತೆಗೆ, ಹೆಸರಿನಲ್ಲಿ ತಾನಿಲ್ಲ ಎಂದು ಅವನ ಹೆಂಡತಿ ಮುನಿಸಿಕೊಂಡಿದ್ದಳಂತೆ. ಹೀಗಾಗಿ ಈ ಸಲ "ಶ್ರೀ ಮತ್ತು ಶ್ರೀಮತಿ" ಸೇರಿಸಿ, ಇನ್ನಷ್ಟು ಅಗಲದ ಪಟ್ಟಿ ಸುತ್ತಿ, ಒಂದು ದಿನ ಬಿಟ್ಟು ಕಳಿಸಿದ. ಹೊಸ ಪಟ್ಟಿಯ ಮೀಟರು ಮೊದಲು ಬಂದದ್ದು ನನ್ನ ಬೆರಳಿಗೆ. ಹೆಸರು ನೆಟ್ಟಗೆ ಮಾಡಿ ನೋಡಿದೆ. ತೊಂಬತ್ತೆಂಟು!

"ಶಾಂತಾ! ತೊಂಬತ್ತೆಂಟು!" ಎಂದು ಕೂಗಿದೆ. ಕೂಗಿದ ಮೇಲೆ ಕೆಮ್ಮಿದೆ. ಮತ್ತೆ ನೋಡಿದೆ. ಒಮ್ಮೆ ಅರವತ್ತೆಂಟು ಅಂತ ಬಂದು ಗಾಬರಿ ಮಾಡಿತು. ಸೆಲ್ ಸಡಿಲಾಗಿರಬೇಕೆಂದು ಜಾಡಿಸಿದೆ. ಮತ್ತೆ ತೊಂಬತ್ತೆಂಟು. ಸರಿಯಾಯಿತು ಅಂದುಕೊಂಡೆ. ಗುಳಿಗೆ ಕೆಲಸ ಮಾಡಿದೆ, ನಾನು ಗೆದ್ದೆ. ಮೈಯಲ್ಲಿ ಕಸುವಿರಲಿಲ್ಲ, ಕಣ್ಣು ತಾನಾಗಿ ಮುಚ್ಚುತ್ತಿತ್ತು. ಉಸಿರು ಕಟ್ಟಿದ ಹಾಗೆ ಮಾತ್ರ ಅನಿಸಲಿಲ್ಲ. ಒಂದು ಥರ ಹಗುರವಾದ ಸುಖ. ಗುಣವಾಗುವುದೆಂದರೆ ಹೀಗೇ ಇರಬೇಕು ಎಂದುಕೊಂಡು ಮಲಗಿದೆ.

ಮಧ್ಯಾಹ್ನ ಪರದೆಯ ಆಚೆಯಿಂದ ಶಾಂತವ್ವ ಮಾತಿಗೆಳೆದಳು.

"ಏನ್ರಿ, ನಮ್ಮ ಅಣ್ಣ ಫೋನ್ ಮಾಡಿದ್ದ. ಇದೆಲ್ಲ ಮುಗದ ಮ್ಯಾಲೆ ಮನಿ ಮಂದಿನೆಲ್ಲ ಕರಕೊಂಡು ಗೋವಾಕ್ಕ ಬರ್ತಾನಂತ. ಒಂದು ತಿಂಗಳು ಇರ್ತಾರಂತ."

"ಹೂಂ. ಬರಲಿ," ಎಂದೆ.

ಆಚೆ ಬಳೆಯ ಸದ್ದು ಪರದೆಯ ಹತ್ತಿರ ಬಂತು.

"ಆರು ಮಂದಿ ಅದಾರ್ರಿ."

"ಇರಲಿ."

ಪರದೆ ಸರ್ರನೆ ಸರಿಯಿತು. ಎರಡೆರಡು ಮಾಸ್ಕ್ ಹಾಕಿಕೊಂಡು ಶಾಂತವ್ವ ನಿಂತಿದ್ದಳು. ಏಳು ದಿನಗಳಲ್ಲಿ ಮೊದಲ ಸಲ ಅವಳನ್ನು ಇಷ್ಟು ಹತ್ತಿರ ನೋಡಿದೆ.

"ಏಳ್ರಿ. ದವಾಖಾನಿಗೆ ಹೋಗೂಣು."

"ಯಾಕ? ತೊಂಬತ್ತೆಂಟು ಐತಿ ಅಂತ ಹೇಳಿದ್ನಲ್ಲ?"

"ಇಪ್ಪತ್ತೆರಡು ವರ್ಷದಾಗ ನಮ್ಮ ಅಣ್ಣ ಒಂದ ದಿನಕ್ಕ ಬರ್ತೀನಂದ್ರೂ ನೀವು ಒಂದ ಮಾತಿಗೆ ಹೂಂ ಅಂದವರಲ್ಲ. ಒಂದು ತಿಂಗಳಿಗೆ ಹೂಂ ಅಂತೀರಿ! ನನಗ ಅಂಜಿಕಿ ಬರಾಕತ್ತೈತ್ರಿ, ಏಳ್ರಿ."

ನಾನು ನಕ್ಕೆ. ನಗು ಅರ್ಧಕ್ಕೆ ನಿಂತು ಕೆಮ್ಮಾಯಿತು. ಆಸ್ಪತ್ರೆಯಲ್ಲಿ ಹಾಸಿಗೆಗೆ ಎಷ್ಟು ಮಂದಿ ಕಾಯುತ್ತಿದ್ದಾರೆ, ನನ್ನಂಥ ತೊಂಬತ್ತೆಂಟರವನು ಹೋಗಿ ಅಡ್ಡ ಮಲಗುವುದು ಸರಿಯೇ ಎಂದು ಅವಳಿಗೆ ತಿಳಿಸಿ ಹೇಳಲು ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಭಯ. ಹೋದವರು ತಿರುಗಿ ಬರುವುದಿಲ್ಲ ಎಂಬ ಮಾತು ಓಣಿಯಲ್ಲಿ ಓಡಾಡುತ್ತಿತ್ತು. ಅದನ್ನು ಸುಳ್ಳೆಂದು ಮೆಟ್ಟಿಲ ಮೇಲೆ ನಿಂತು ಹೇಳಿದವನೇ ನಾನು. ನನ್ನ ಸರದಿ ಬಂದಾಗ ಅದೇ ಮಾತು ಹೊಟ್ಟೆಯೊಳಗೆ ಕೂತಿತ್ತು. ಶಾಂತವ್ವ ನನ್ನ ಲೆಕ್ಕಕ್ಕೆ ಕಿವಿಗೊಡಲಿಲ್ಲ. ಬಾಗಿಲು ತೆರೆದು, "ಹುಸೇನಣ್ಣಾ, ಗಾಡಿ ತಗಿಯೋ ಯಪ್ಪಾ!" ಎಂದು ಓಣಿಯೆಲ್ಲ ಕೇಳುವಂತೆ ಕೂಗಿದಳು.

ಹುಸೇನಸಾಬ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಬೆಳಗಾವಿಯಿಂದ ಕಾಯಿಪಲ್ಲೆ ತರುವ ಅವನ ಟೆಂಪೊದ ಹಿಂದೆ ಗೋಣಿತಟ್ಟು ಹಾಸಿ ನನ್ನನ್ನು ಕೂರಿಸಿದ. ಶಾಂತವ್ವ ಎದುರು ಮೂಲೆಯಲ್ಲಿ ಕೂತಳು. ಗಾಳಿಗೆ ಕೊತ್ತಂಬರಿ ವಾಸನೆ ಬರಬೇಕಿತ್ತು. ನನ್ನ ಮೂಗಿಗೆ ಏನೂ ಬರಲಿಲ್ಲ. ಆಸ್ಪತ್ರೆ ಮುಟ್ಟುವತನಕ ನಾನು ಬೆರಳಿನಿಂದ ಮೀಟರು ತೆಗೆಯಲಿಲ್ಲ. ಜಗಳದಲ್ಲಿ ಸಾಕ್ಷಿಗೆ ಬೇಕಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನದ ಕೆಳಗೆ ಕುರ್ಚಿಗಳು. ಒಂದು ಬಿಟ್ಟು ಒಂದರ ಮೇಲೆ ಕೆಂಪು ಪಟ್ಟಿಯ ಅಡ್ಡಗೆರೆ. ಕೂರಬಹುದಾದ ಕುರ್ಚಿಗಳೆಲ್ಲ ತುಂಬಿದ್ದವು. ಕೈಯಲ್ಲಿ ಜಪಸರ ಹಿಡಿದಿದ್ದ ಒಬ್ಬ ಮುದುಕಿ ನನ್ನನ್ನು ನೋಡಿ ಎದ್ದು, ಫ್ಯಾನಿನ ಎದುರಿನ ತನ್ನ ಕುರ್ಚಿ ತೋರಿಸಿ, "ಬೊಸ್ ಪುತಾ," ಎಂದಳು. ಕೂತುಕೋ ಮಗನೇ ಎಂದು. ಅವಳಿಗೇ ಎಷ್ಟು ಸಂಕಟವಿತ್ತೋ. ಅವಳ ಹೆಸರು ಕೇಳಲಿಲ್ಲ, ಆಮೇಲೆ ಏನಾದಳೋ ಗೊತ್ತಿಲ್ಲ.

ನರ್ಸ್ ಬಂದು ತನ್ನ ಮೀಟರನ್ನು ನನ್ನ ಬೆರಳಿಗೆ ಹಾಕಿದಳು. ನೋಡಿದವಳೇ ಹಿಂದೆ ತಿರುಗಿ ಗಾಲಿಕುರ್ಚಿ ತರಲು ಹೇಳಿದಳು. "ಎಂಬತ್ತಾರು" ಎಂದಳು ಹಿಂದಿಯಲ್ಲಿ.

"ಇಲ್ಲ ಸಿಸ್ಟರ್, ನಿಮ್ಮ ಮಶೀನ್ ಸರಿಯಿಲ್ಲ," ಎಂದು ನಾನೂ ನನ್ನ ಹರಕುಮುರುಕು ಹಿಂದಿಯಲ್ಲಿ ವಾದಿಸಿದೆ. ನಮ್ಮ ಮೀಟರನ್ನು ಸಿಕ್ಕಿಸಿಕೊಂಡು, ಬಸಲಿಂಗಪ್ಪ ದಂಪತಿಗಳ ಹೆಸರು ನೆಟ್ಟಗೆ ಕಾಣುವಂತೆ ಕೈ ತಿರುಗಿಸಿ, "ನೋಡ್ರಿ, ತೊಂಬತ್ತೆಂಟು!" ಎಂದು ತೋರಿಸಿದೆ.

ಅವಳು ಒಂದು ಗಳಿಗೆ ನೋಡಿದಳು. ಆಮೇಲೆ ಕೈಗವಸಿನ ಕೈಯಿಂದ ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಪೂರ್ತಿ ತಿರುಗಿಸಿದಳು. ಬಸಲಿಂಗಪ್ಪ ತಲೆಕೆಳಗಾದ. ಅಂಕಿ ಎಂಬತ್ತಾರಾಯಿತು.

"ಉಲ್ಟಾ ದೇಖಾ ಭಯ್ಯಾ," ಎಂದಳು. ಬೈಯಲಿಲ್ಲ, ನಗಲಿಲ್ಲ. ಪಟ್ಟಿಯನ್ನು ಉಗುರಿನಿಂದ ಎಬ್ಬಿಸಿ ಕಿತ್ತು ಹಾಕಿದಳು. ಕೆಳಗೆ ಕಂಪನಿಯ ಅಕ್ಷರಗಳು ನೆಟ್ಟಗೆ ನಿಂತಿದ್ದವು. ಹೊಸ ಪಟ್ಟಿಯನ್ನು ಬಸಲಿಂಗಪ್ಪ ತಲೆಕೆಳಗಾಗಿ ಸುತ್ತಿದ್ದ. ತೊಂಬತ್ತೆಂಟನ್ನು ಬುಡಮೇಲು ಮಾಡಿದರೆ ಎಂಬತ್ತಾರು. ನಾನು ಗಾಬರಿಯಾಗಿದ್ದ ಆ ಅರವತ್ತೆಂಟು ಎಂಬತ್ತೊಂಬತ್ತಾಗಿತ್ತು. ಇದ್ದುದರಲ್ಲಿ ಚಲೋ ಗಳಿಗೆಗೇ ನಾನು ಅಂಜಿದ್ದೆ. ಹತ್ತೊಂಬತ್ತು ವರ್ಷ ಹಾಜರಿ ಬರೆದವನು ನನ್ನ ಉಸಿರಿನ ಹಾಜರಿಯನ್ನೇ ತಪ್ಪು ಓದಿದೆ. ಗಾಲಿಕುರ್ಚಿಯಲ್ಲಿ ನನ್ನನ್ನು ಒಳಗೆ ಒಯ್ಯುವಾಗ ತಿರುಗಿ ನೋಡಿದೆ. ಹಗ್ಗ ಕಟ್ಟಿದ ಗೆರೆಯ ಆಚೆ ಶಾಂತವ್ವ ಒಬ್ಬಳೇ ನಿಂತು ಸೆರಗು ಬಾಯಿಗೊತ್ತಿಕೊಂಡಿದ್ದಳು.

ಹನ್ನೆರಡು ದಿನ ವಾರ್ಡಿನಲ್ಲಿದ್ದೆ. ಮೊದಲ ನಾಲ್ಕು ದಿನ ನೆನಪಿಗೆ ತುಂಡು ತುಂಡಾಗಿ ಬರುತ್ತವೆ. ಮೂಗಿನ ಮೇಲೆ ಆಕ್ಸಿಜನ್ನಿನ ಮುಖವಾಡ, ಬೋರಲು ಮಲಗು ಎಂದು ಬೆನ್ನು ತಟ್ಟುವ ಕೈಗಳು, ಮಗ್ಗುಲ ಹಾಸಿಗೆ ಒಮ್ಮೆಲೇ ಖಾಲಿಯಾದದ್ದು. ಆ ಹೊತ್ತಿನಲ್ಲಿ ನಾನು ದೇವರಿಗಿಂತ ಹೆಚ್ಚು ಸಲ ಶಾಂತವ್ವನನ್ನು ಕರೆದೆ, ಇದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ನೆಲ ಒರೆಸಲು ಬರುತ್ತಿದ್ದ ಬಾದಾಮಿ ಕಡೆಯ ಹೆಂಗಸೊಬ್ಬಳು ನನ್ನ ನರಳಾಟದ ಭಾಷೆ ಗುರುತು ಹಿಡಿದು, "ಯಾವೂರ್ರಿ ಅಣ್ಣಾ?" ಎಂದು ಕೇಳಿದಳು. ಅಂದಿನಿಂದ ದಿನಾ ನನ್ನ ತಟ್ಟೆ ನೋಡಿ, "ಇಷ್ಟ ಉಂಡ್ರ ಅಕ್ಕಗ ಏನ್ ಹೇಳ್ಲಿ?" ಎಂದು ಗದರುತ್ತಿದ್ದಳು. ಯಾವ ಅಕ್ಕ ಎಂದು ಅವಳಿಗೇನು ಗೊತ್ತು! ಮನೆಯಲ್ಲೊಬ್ಬಳು ಅಕ್ಕ ಇದ್ದೇ ಇರುತ್ತಾಳೆ ಎಂಬ ಭರವಸೆ ಅಷ್ಟೆ.

ಶಾಂತವ್ವ ದಿನಾ ಫೋನ್ ಮಾಡುತ್ತಿದ್ದಳು. ಎರಡು ಮಾತು. ಏನು ಉಂಡ್ರಿ, ಉಸಿರು ಹೆಂಗೈತಿ. ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ನನ್ನ ಹಳೆಯ ಚಟ ಎದ್ದಿತು. ಸಂಜೆಯ ಬುಲೆಟಿನ್ ತೆಗೆದು ವಾರ್ಡಿನವರಿಗೆ ಮೆಲುದನಿಯಲ್ಲಿ ಓದತೊಡಗಿದೆ. ಗೆರೆ ನಿಜಕ್ಕೂ ಇಳಿಯುತ್ತಿತ್ತು. ಕೆಲವರು ಮುಖವಾಡದೊಳಗಿಂದಲೇ ನಕ್ಕರು.

ಮನೆಗೆ ಕರೆದೊಯ್ಯಲು ಹುಸೇನಸಾಬ ಒಬ್ಬನೇ ಬಂದ. ಓಣಿಗೆ ಬಂದಿಳಿದರೆ ಬಸಲಿಂಗಪ್ಪ ಅಂಗಡಿ ಬಿಟ್ಟು ಓಡಿ ಬಂದವನು, ಆರು ಮೊಳ ದೂರ ನಿಂತು ಅತ್ತೇಬಿಟ್ಟ. "ಯಪ್ಪಾ ಈರಣ್ಣಾ, ನನ್ನ ಹೆಸರು ನಿನ್ನ ಜೀವ ತಿಂತಿತ್ತಲ್ಲೋ!"

"ನಿನ್ನ ಹೆಸರು ಸುಡ್ಲಿ, ನಿನ್ನ ಮೀಟರಿದ್ದದ್ದಕ್ಕ ನಾನು ಐದು ದಿನ ಧೈರ್ಯದಿಂದ ಮಲಗಿದ್ದೆ," ಎಂದೆ. ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ತಪ್ಪು ಅವನ ಪಟ್ಟಿಯದಾದರೂ ಗರ್ವ ನನ್ನದಾಗಿತ್ತು. ಶಾಂತವ್ವ ಬಾಗಿಲಲ್ಲಿ ನಿಂತಿದ್ದಳು. ಕುಪ್ಪಸದ ತೋಳು ಸಡಿಲಾಗುವಷ್ಟು ಸೊರಗಿದ್ದಳು. ನನ್ನ ಚಿಂತೆ ಅವಳನ್ನು ತಿಂದಿದೆ ಎಂದುಕೊಂಡು ಒಳಗೊಳಗೇ ಹೆಮ್ಮೆಪಟ್ಟೆ. ಗಂಡಸರ ಬುದ್ಧಿ.

ಅಷ್ಟರಲ್ಲಿ ಲಸಿಕೆ ನಮ್ಮ ಕಡೆಗೂ ಬಂತು. ಸಮೀಪದ ಶಾಲೆಯಲ್ಲಿ ಶಿಬಿರ. ಹಾಕಿಸಿಕೊಂಡರೆ ರಟ್ಟೆ ಬೀಳುತ್ತದೆ, ಮಕ್ಕಳಾಗುವುದಿಲ್ಲ ಎಂದು ಏನೇನೋ ಸುದ್ದಿ. ಈಗ ನನ್ನ ಮಾತಿಗೆ ತೂಕ ಬಂದಿತ್ತು. ಮನೆಮನೆಗೆ ಹೋಗಿ ಹೆಸರು ಬರೆದುಕೊಂಡೆ. ನನ್ನಂತೆ ರೋಗ ಬಂದು ಹೋದವರು ಮೂರು ತಿಂಗಳು ಕಾಯಬೇಕು, ಉಳಿದವರು ಈಗಲೇ ನಡೆಯಿರಿ ಎಂದು ಮೆಟ್ಟಿಲ ಮೇಲೆ ನಿಂತು ಸಾರಿದೆ. ಹುಸೇನಸಾಬ, ಮಾಬೂಬಿ, ಬಸಲಿಂಗಪ್ಪ ದಂಪತಿ ಎಲ್ಲ ಹೋದರು. ಶಾಂತವ್ವನ ಹೆಸರು ಬರೆಯಲು ಹೋದರೆ ಪೆನ್ನು ಹಿಡಿದುಕೊಂಡಳು. "ನಾ ನಿಮ್ಮ ಕೂಡ ಬರ್ತೀನ್ರಿ. ಇಬ್ಬರೂ ಒಮ್ಮೆ ಹಾಕಿಸ್ಕೊಳ್ಳೂಣು." ಸೂಜಿಗೆ ಅಂಜುತ್ತಾಳೆ ಎಂದು ಓಣಿಯ ಮುಂದೆ ಕಾಡಿಸಿದೆ. ಹೆಂಗಸರು ಯಾಕೋ ನಗಲಿಲ್ಲ. ಮಾಬೂಬಿಯಂತೂ ಎದ್ದು ಒಳಗೆ ಹೋದಳು.

ಮೂರು ತಿಂಗಳು ಮುಗಿದ ಮೇಲೆ ಇಬ್ಬರೂ ಹೋದೆವು. ಮಕ್ಕಳ ಬೆಂಚಿನ ಮುಂದೆ ಮೇಜು ಹಾಕಿಕೊಂಡು ಕೂತಿದ್ದ ನರ್ಸ್ ಎಲ್ಲರನ್ನೂ ಕೇಳುವ ಹಾಗೆ ನಮ್ಮನ್ನೂ ಕೇಳಿದಳು, ಕೋವಿಡ್ ಆಗಿತ್ತೇ ಎಂದು. "ನನಗ ಆಗಿತ್ತು. ಈಕಿಗೆ ಇಲ್ಲ," ಎಂದು ಇಬ್ಬರ ಉತ್ತರವನ್ನೂ ನಾನೇ ಕೊಟ್ಟೆ.

"ನನಗೂ ಆಗಿತ್ರಿ," ಎಂದಳು ಶಾಂತವ್ವ.

ನರ್ಸ್ ಯಾವಾಗ ಎಂದು ಕೇಳಿದಳು. ಶಾಂತವ್ವ ಹೇಳಿದಳು. ನಾನು ಆಸ್ಪತ್ರೆ ಸೇರಿದ ಮರುದಿನವೇ ಅವಳಿಗೆ ಜ್ವರ ಬಂದಿತ್ತು. ನರ್ಸ್ ಬರೆದುಕೊಂಡು, ಮೂರು ತಿಂಗಳು ಮುಗಿದಿದೆ, ಅಡ್ಡಿಯಿಲ್ಲ ಎಂದು ಇಬ್ಬರಿಗೂ ಸೂಜಿ ಚುಚ್ಚಿದಳು. ನನಗೆ ಚುಚ್ಚಿದ್ದೂ ತಿಳಿಯಲಿಲ್ಲ.

ಲಸಿಕೆಯ ಮೇಲೆ ಅರ್ಧ ತಾಸು ಕೂತಿರಬೇಕು. ಮೂರನೇ ಈಯತ್ತೆಯ ಕೋಣೆಯಲ್ಲಿ ಎರಡು ಬೆಂಚಿನ ಮೇಲೆ ಕೂತೆವು.

"ನನಗ ಯಾಕ ಹೇಳ್ಲಿಲ್ಲ?"

"ನೀವು ಅಲ್ಲಿ ಮೂಗಿಗೆ ನಳಗಿ ಹಾಕ್ಕೊಂಡು ಮಲಗಿದ್ರಿ. ಹೇಳಿದ್ರ ನಿಮಗ ಇದ್ದ ಉಸಿರೂ ಕಟ್ಟತಿತ್ತು. ಮಾಬೂಬಿ ಕಿಟಕ್ಯಾಗ ಗಂಜಿ ಇಡ್ತಿದ್ಲು. ಹುಸೇನಣ್ಣ ಗುಳಿಗಿ ತಂದ. ಟೆಸ್ಟ್ ಮಾಡಾವ್ರು ಮನಿಗೇ ಬಂದಿದ್ರು. ಓಣ್ಯಾಗ ಎಲ್ಲಾರಿಗೂ ಗೊತ್ತೈತ್ರಿ. ನಿಮಗ ಹೇಳಬ್ಯಾಡ್ರಿ ಅಂತ ನಾನ ಕೈಮುಗದಿದ್ದೆ."

ಫೋನಿನಲ್ಲಿ ಅವಳ ದನಿ ಬಿದ್ದಿತ್ತು. ಅತ್ತಿರಬೇಕು ಅಂದುಕೊಂಡಿದ್ದೆ. ಎರಡೇ ಮಾತಿಗೆ ಇಟ್ಟುಬಿಡುತ್ತಿದ್ದಳು. ನಾನು ದಣಿಯಬಾರದೆಂದು ಇರಬೇಕು ಅಂದುಕೊಂಡಿದ್ದೆ. ವಾರ್ಡಿನಲ್ಲಿ ಮಂದಿಗೆ ಓದಿ ಹೇಳುತ್ತಿದ್ದೆನಲ್ಲ, ಆ ಯಾವುದೋ ಒಂದು ಸಂಜೆಯ ಅಂಕಿಯಲ್ಲಿ ಒಂದು ನನ್ನ ಶಾಂತವ್ವ. ನಾನು ಅದನ್ನು ಓದಿ, ಇಳಿಯುತ್ತಿದೆ ಎಂದು ಎಲ್ಲರಿಗೂ ಸಂತೋಷದ ಸುದ್ದಿ ಕೊಟ್ಟಿದ್ದೆ.

ಜ್ವರ ಎಷ್ಟಿತ್ತು, ಆಕ್ಸಿಜನ್ ಎಷ್ಟಿತ್ತು, ಎಷ್ಟು ದಿನ ಎಂದು ಕೇಳಲು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ.

"ಒಬ್ಬಾಕಿನ ಇದ್ದಿ. ಅಂಜಿಕಿ ಬಂದಿತ್ತೇನು?" ಎಂದು ಕೇಳಿದೆ.

ಶಾಂತವ್ವ ಗೋಡೆಯ ಮೇಲೆ ಬರೆದಿದ್ದ ಕೊಂಕಣಿ ಅಕ್ಷರಮಾಲೆಯನ್ನು ನೋಡುತ್ತಾ ಕೂತಳು.

"ಭಾಳ ರೀ," ಎಂದಳು. "ಭಾಳ ಅಂಜಿದ್ದೆ."

ಮೂರು ತಿಂಗಳು ತಡೆದಿಟ್ಟ ಅಳು ಅಲ್ಲಿ ಬಂತು. ನಾನು ಬೆಂಚು ದಾಟಿ ಹೋಗಿ, ಸೂಜಿ ಚುಚ್ಚದ ಅವಳ ಬಲಗೈ ಹಿಡಿದುಕೊಂಡು ಕೂತೆ. ಅರ್ಧ ತಾಸು ಆಯಿತು, ಇನ್ನು ಹೋಗಬಹುದು ಎಂದು ಬಾಗಿಲಲ್ಲಿ ಯಾರೋ ಹೇಳಿದರು. ನಾವು ಏಳಲಿಲ್ಲ.